ತೂಕ ಕಲಿಸಿದ ಪಾಠ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ನಿಂತಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಸಿಂಧನೂರಿನ ಭತ್ತವು ಕ್ವಿಂಟಲುಗಳ ಲೆಕ್ಕದಲ್ಲಿ ತೂಗಲ್ಪಡುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಪುಡಿಮಾಡಿದರೆ ಕೈಗೆ ಬರುವುದು ಕೆಲವೇ ಗ್ರಾಂ ಚಿನ್ನ. ಇವೆರಡರ ನಡುವಣ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನೆಂಬ ಹೆಸರಿತ್ತು. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ವಿದ್ವಾಂಸರಿಗೆ ಖಚಿತಪಡಿಸಿಕೊಟ್ಟದ್ದು ಆ ಕೆಲವೇ ಅಕ್ಷರಗಳು. ಅಲ್ಪವಾದುದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಅರಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ.

ಇಂಥ ಸೀಮೆಯ ತರುಣನೊಬ್ಬನು ಈಚಿನ ವರ್ಷಗಳಲ್ಲಿ ಜೆಟ್ ವಿಮಾನದ ದೊಡ್ಡ ಮಾದರಿಯೊಂದನ್ನು ತನ್ನ ಕೈಯಾರೆ ಜೋಡಿಸಿ ಹಾರಿಸಿದ ಸಂಗತಿಯು ಶಿಕ್ಷಣದಲ್ಲಿ ಆಸಕ್ತಿಯುಳ್ಳವರೆಲ್ಲರೂ ಅರಿಯತಕ್ಕದ್ದಾಗಿದೆ. ಆತನ ತಂದೆ ಸಿಂಧನೂರಿನಲ್ಲಿ ಪಂಪ್‌ಸೆಟ್ಟುಗಳನ್ನು ದುರಸ್ತಿ ಮಾಡುವವರು. ಸೋದರಮಾವ ಮಸ್ಕಿಯಲ್ಲಿ ಬಡಗಿ. ಆತನು ದುಡಿಯುತ್ತಿದ್ದುದು ಲಿಂಗಸುಗೂರಿನ ಲೇತ್ ಯಂತ್ರದ ಅಂಗಡಿಯೊಂದರಲ್ಲಿ. ಬೆಂಗಳೂರಿನ ಹವ್ಯಾಸಿಯೊಬ್ಬರು ಕೊಂಡು, ಕಟ್ಟಲಾರದೆ ಬಿಟ್ಟಿದ್ದ ಬಿಡಿಭಾಗಗಳ ಪೆಟ್ಟಿಗೆಯು ಕಡಿಮೆ ಬೆಲೆಗೆ ದೊರೆತಾಗ, ಮೂರು ವರ್ಷಗಳ ಉಳಿತಾಯವನ್ನೆಲ್ಲ ಸುರಿದು ಆತನು ಅದನ್ನು ಮನೆಗೆ ತಂದನು. ಮನೆಯವರಿಗೆ ಅದು ದುಬಾರಿಯಾದ ಆಟಿಕೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ಆಟಿಕೆಯಾಗಿರಲಿಲ್ಲ. ಮೂಗಿನಿಂದ ಬಾಲದವರೆಗೆ ಎರಡೂಕಾಲು ಮೀಟರ್ ಉದ್ದ; ಪೂರ್ಣಗೊಂಡಾಗ ಸುಮಾರು 14 ಕಿಲೋಗ್ರಾಂ ತೂಕ. ಗಾಜಿನ ನಾರಿನಿಂದ ಎರಕಹೊಯ್ದ ತೆಳುವಾದ ಒಡಲು, ಹಗುರವಾದ ಬಾಲ್ಸಾ ಮರದ ಹಾಳೆ ಹೊದಿಸಿದ ರೆಕ್ಕೆಗಳು, ರೆಕ್ಕೆಗಳನ್ನು ಒಡಲಿಗೆ ಬಿಗಿಯುವ ಇಂಗಾಲದ ನಾರಿನ ಕೊಳವೆ, ಒಡಲೊಳಗೆ ಅಡ್ಡಲಾಗಿ ಕೂರಿಸಬೇಕಾದ ಪ್ಲೈವುಡ್ ಚೌಕಟ್ಟುಗಳು, ಬಿಸಿ ಅನಿಲವನ್ನು ಹಿಂದಕ್ಕೆ ಸಾಗಿಸುವ ಇಮ್ಮಡಿ ಗೋಡೆಯ ಉಕ್ಕಿನ ನಳಿಗೆ, ಮಡಚಿಕೊಳ್ಳುವ ಗಾಲಿಗಳು ಇವೆಲ್ಲ ಪೆಟ್ಟಿಗೆಯಲ್ಲಿದ್ದವು. ಎಂಜಿನ್ ಮಾತ್ರ ಸಿದ್ಧವಾಗಿಯೇ ಬರುತ್ತದೆ. ಅದನ್ನು ಬಿಚ್ಚುವ ಅಧಿಕಾರ ಕಟ್ಟುವವನಿಗಿಲ್ಲ.

ಆ ಎಂಜಿನು ಹಿರಿಯ ಜೆಟ್ ಎಂಜಿನಿನ ನಿಜವಾದ ತಮ್ಮನೇ ಸರಿ. ಮುಂದಿನ ಸಂಪೀಡಕ ಚಕ್ರವು ಗಾಳಿಯನ್ನು ಎಳೆದು ಒತ್ತುತ್ತದೆ; ಉಂಗುರಾಕಾರದ ದಹನಕೋಶದಲ್ಲಿ ಇಂಧನವು ಆವಿಯಾಗಿ ಉರಿಯುತ್ತದೆ; ಉರಿದು ಹಿಗ್ಗಿದ ಅನಿಲವು ಹಿಂದಿನ ಟರ್ಬೈನ್ ಚಕ್ರವನ್ನು ತಿರುಗಿಸಿ ರಭಸದಿಂದ ಹೊರಚಿಮ್ಮುತ್ತದೆ. ಎರಡು ಚಕ್ರಗಳೂ ಒಂದೇ ದಂಡಕ್ಕೆ ಸೇರಿರುವುದರಿಂದ ಹಿಂದಿನದು ತಿರುಗಿದಂತೆ ಮುಂದಿನದೂ ತಿರುಗುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕ ಸುತ್ತು! ಸೀಮೆಎಣ್ಣೆಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಬೆರೆಸಿದ ಎಣ್ಣೆಯೇ ಬೇರಿಂಗುಗಳನ್ನು ಕಾಯುತ್ತದೆ. ಎಂಜಿನನ್ನು ಆರಿಸಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಒಳಗಿನ ಕಾವು ಬೇರಿಂಗುಗಳನ್ನು ಕೆಡಿಸದಂತೆ ವಿದ್ಯುತ್ ಮೋಟಾರೊಂದು ಚಕ್ರವನ್ನು ತಿರುಗಿಸುತ್ತ ತಣ್ಣನೆಯ ಗಾಳಿಯನ್ನು ಹಾಯಿಸುತ್ತಲೇ ಇರುತ್ತದೆ.

ಹಗಲು ಲೇತಿನ ಕೆಲಸ, ರಾತ್ರಿ ವಿಮಾನದ ಕೆಲಸ. ಈ ಬಗೆಯ ವಿದ್ಯೆಯು ಬೆಳೆದುಬಂದ ಬಗೆಯನ್ನೂ ಆತನು ಶ್ರದ್ಧೆಯಿಂದ ಓದಿಕೊಂಡನು. ಇಂಗ್ಲೆಂಡಿನಲ್ಲಿ ಟರ್ಬೈನ್ ಎಂಜಿನುಳ್ಳ ಮಾದರಿ ವಿಮಾನವು ಮೊದಲು ಹಾರಿದ್ದು 1983ರಲ್ಲಿ. ಬಳಿಕ ಜರ್ಮನಿಯ ಕುರ್ಟ್ ಷ್ರೆಕ್ಲಿಂಗ್ ಎಂಬ ಹವ್ಯಾಸಿಯು ಮನೆಯಲ್ಲಿ ದೊರೆಯುವ ಉಪಕರಣಗಳಿಂದಲೇ ಇಂಥ ಎಂಜಿನನ್ನು ನಿರ್ಮಿಸಿ, ಅದರ ವಿಧಾನವನ್ನು ಗ್ರಂಥರೂಪದಲ್ಲಿ ಎಲ್ಲರಿಗೂ ತಿಳಿಸಿದನು. ಆತನ ಸಂಪೀಡಕ ಚಕ್ರವು ಮರದ್ದಾಗಿತ್ತೆಂಬುದನ್ನು ಕೇಳಿ ಮಸ್ಕಿಯ ಸೋದರಮಾವನಿಗೆ ಬಹಳ ಹರ್ಷವಾಯಿತು.

ಕನ್ನಡ ನಾಡಿಗೂ ಈ ವಿದ್ಯೆಯಲ್ಲಿ ಪಾಲಿದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕುರ್ಟ್ ಟಾಂಕ್ ನೇತೃತ್ವದಲ್ಲಿ ‘ಮಾರುತ’ ಯುದ್ಧವಿಮಾನವು ರೂಪುಗೊಳ್ಳುತ್ತಿದ್ದಾಗ, ಅದೇ ಅಳತೆಯ ಎಂಜಿನಿಲ್ಲದ ಮರದ ವಿಮಾನವೊಂದನ್ನು ಮೊದಲು ಕಟ್ಟಿ, 1959ರಿಂದ ಮೊದಲ್ಗೊಂಡು 78 ಬಾರಿ ಹಾರಿಸಿ ಅದರ ಗುಣದೋಷಗಳನ್ನು ಅರಿತರು. ನಿಜವಾದ ಮಾರುತವು ಆಕಾಶಕ್ಕೇರಿದ್ದು 1961ರ ಜೂನ್ 17ರಂದು. ಮುಂದೆ ಬೆಂಗಳೂರಿನಲ್ಲಿಯೇ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ‘ಲಕ್ಷ್ಯ’ವೆಂಬ ಚಾಲಕರಹಿತ ಜೆಟ್ ವಿಮಾನವನ್ನು ನಿರ್ಮಿಸಿತು. ಸೈನಿಕರ ಗುರಿಯ ಅಭ್ಯಾಸಕ್ಕಾಗಿ ನೆಲದಿಂದಲೇ ನಿಯಂತ್ರಿಸಲ್ಪಡುವ ಆ ವಿಮಾನಕ್ಕೆ ಎಂಜಿನ್ ಒದಗಿಸಿದ್ದೂ ಬೆಂಗಳೂರಿನ ಕಾರ್ಖಾನೆಯೇ. ತರುಣನ ಪೆಟ್ಟಿಗೆಗೂ ಈ ಮಹಾಕಾರ್ಯಗಳಿಗೂ ಅಜಗಜಾಂತರವಿದೆ ನಿಜ. ಆದರೆ ಗಾಳಿಯು ಹಿರಿದಕ್ಕೊಂದು, ಕಿರಿದಕ್ಕೊಂದು ನ್ಯಾಯವನ್ನು ಮಾಡುವುದಿಲ್ಲ.

ಮೊದಲ ತೊಡಕು ಬಂದುದು ಅಂಟಿನಿಂದ. ಎರಕದ ಒಡಲಿನ ಒಳಮೈ ನುಣುಪಾಗಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ ಒರಟುಮಾಡದ ಹೊರತು ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಕೈ ತೂರಿಸಲೂ ಕಷ್ಟವಾದ ಮೂಲೆಗಳಲ್ಲಿ ಗಂಟೆಗಟ್ಟಲೆ ಉಜ್ಜುವುದು ಬೇಸರದ ಕೆಲಸ. ಒಮ್ಮೆ ಚೌಕಟ್ಟು ಕೂತು ಬಣ್ಣ ಬಂದ ಮೇಲೆ ಒಳಗಿನ ಬೆಸುಗೆಯನ್ನು ಯಾರೂ ಕಾಣಲಾರರು. ಆದರೆ ನೆಲಕ್ಕಿಳಿಯುವಾಗ ಗಾಲಿಗಳ ಪೆಟ್ಟನ್ನೆಲ್ಲ ತಿನ್ನುವುದು ಆ ಕಾಣದ ಬೆಸುಗೆಯೇ. ತರುಣನು ಉಜ್ಜುವುದರಲ್ಲಿ ಸೋಮಾರಿತನ ತೋರಲಿಲ್ಲ. ಆತನ ದೋಷವು ಇದಕ್ಕೆ ವಿರುದ್ಧವಾದ ದಿಕ್ಕಿನದು. ಗಟ್ಟಿಯಾಗಲಿ ಎಂಬ ಭಯಭಕ್ತಿಯಿಂದ ಹೇಳಿದ್ದಕ್ಕಿಂತ ಹೆಚ್ಚು ಅಂಟನ್ನು ಮೆತ್ತಿದನು. ಬಾಲದ ಭಾಗಕ್ಕೆ ತನ್ನದೇ ಆದ ಪಟ್ಟಿಗಳನ್ನು ಒಳಗಿನಿಂದ ಜೋಡಿಸಿದನು. ಚೆಂದ ಕಾಣಲೆಂದು ಅಲ್ಲಿಗೇ ಮೂರು ಪದರ ಬಣ್ಣವನ್ನೂ ಬಳಿದನು.

ಕೆಲಸ ಮುಗಿದು ಗುರುತ್ವಕೇಂದ್ರವನ್ನು ಪರೀಕ್ಷಿಸುವ ದಿನ ಬಂದಿತು. ರೆಕ್ಕೆಯ ನಿಗದಿತ ಬಿಂದುಗಳಲ್ಲಿ ವಿಮಾನವನ್ನು ಎತ್ತಿ ನಿಲ್ಲಿಸಿದಾಗ ಅದು ಸಮವಾಗಿ ನಿಲ್ಲಬೇಕು. ಅದು ಬಾಲದ ಮೇಲೆ ಕುಸಿದು ಕುಳಿತಿತು. ಬಾಲ ಭಾರವಾದ ವಿಮಾನವು ಹಾರಲಾರದೆಂದಲ್ಲ. ಹಾರಿದ ಮೇಲೆ ಹತೋಟಿಗೆ ಬರಲಾರದು, ಅದೇ ಅಪಾಯ. ಆತನು ಕಾಗದದ ಮೇಲೆ ಲೆಕ್ಕ ಹಾಕಿದನು. ಬಾಲದಲ್ಲಿ ಹೆಚ್ಚಾದುದು 120 ಗ್ರಾಂ, ಕೇಂದ್ರದಿಂದ ಅದರ ದೂರ 120 ಸೆಂಟಿಮೀಟರ್. ಮೂಗಿನಲ್ಲಿ ಸೀಸವನ್ನು ಇಡಬಹುದಾದ ಸ್ಥಳವು ಕೇಂದ್ರದಿಂದ 80 ಸೆಂಟಿಮೀಟರ್ ಮಾತ್ರ. ಎಂದಮೇಲೆ ಸರಿದೂಗಿಸಲು 180 ಗ್ರಾಂ ಸೀಸ ಬೇಕು. ಅನಾವಶ್ಯಕವಾದ 120 ಗ್ರಾಮನ್ನು ಹೊರಲು ಅನಾವಶ್ಯಕವಾದ ಇನ್ನೂ 180 ಗ್ರಾಂ! ಒಟ್ಟು 300 ಗ್ರಾಂ ಭಾರವನ್ನು ಎಂಜಿನು ಪ್ರತಿ ಹಾರಾಟದಲ್ಲಿಯೂ ವ್ಯರ್ಥವಾಗಿ ಎತ್ತಬೇಕು, ಗಾಲಿಗಳು ಪ್ರತಿ ಸಲವೂ ತಾಳಿಕೊಳ್ಳಬೇಕು.

ಸೀಸವನ್ನು ತುಂಬಿ ಮುಗಿಸಿಬಿಡುವುದು ಸುಲಭವಾಗಿತ್ತು. ಆತನು ಮಸ್ಕಿಗೆ ಹೋಗಿ ಸೋದರಮಾವನನ್ನು ಕೇಳಿದನು. ಜೆಟ್ ವಿಮಾನವನ್ನು ಹತ್ತಿರದಿಂದ ಕಂಡರಿಯದ ಆ ವೃದ್ಧರು ಲೆಕ್ಕವನ್ನು ಕೇಳಿಸಿಕೊಂಡು, “ಬಾಗಿಲು ಬಿಗಿಯಾದರೆ ಬಾಗಿಲನ್ನು ಹೆರೆಯಬೇಕಲ್ಲದೆ ಗೋಡೆಯನ್ನು ಒಡೆಯಬಾರದು” ಎಂದಷ್ಟೇ ಹೇಳಿದರು. ತರುಣನು ಮರಳಿ ಬಂದು, ಬಣ್ಣವನ್ನು ಕೆರೆದು, ತಾನೇ ಪ್ರೀತಿಯಿಂದ ಜೋಡಿಸಿದ್ದ ಪಟ್ಟಿಗಳನ್ನು ಕತ್ತರಿಸಿ ತೆಗೆದನು. ಕಟ್ಟುವುದಕ್ಕೆ ಹಿಡಿದುದಕ್ಕಿಂತ ಹೆಚ್ಚು ಕಾಲ ಬಿಚ್ಚುವುದಕ್ಕೆ ಹಿಡಿಯಿತು.

ಇಲ್ಲಿ ಲಿಂಗಸುಗೂರು ಸೀಮೆಯ ಹಳೆಯ ದಂಪತಿಗಳ ನೆನಪಾಗದಿರದು. ಆ ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಆ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳೆಂಬುದು ಪರಂಪರೆಯ ಮಾತು. ಕಡಿಮೆಯಾದುದನ್ನು ತುಂಬಿಸಿಕೊಳ್ಳುವ ಬುದ್ಧಿ ಎಲ್ಲರಿಗೂ ಇರುತ್ತದೆ. ಹೆಚ್ಚಾದುದನ್ನು ಗುರುತಿಸಿ ಹಿಂದಿರುಗಿಸುವ ಬುದ್ಧಿ ದುರ್ಲಭ. ಅಕ್ಕಿಯ ಕಾಳಿನಲ್ಲಿ ಆ ತಾಯಿ ಕಂಡುದನ್ನು ತರುಣನು ಅಂಟಿನ ಹನಿಯಲ್ಲಿ ಕಾಣಬೇಕಾಯಿತು.

ಎರಡನೆಯ ಪರೀಕ್ಷೆ ಇದಕ್ಕಿಂತ ಕಠಿಣವಾದುದು. 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಂ ಮೀರದ, ಕಣ್ಣಳತೆಯೊಳಗೇ ಹಾರಿಸತಕ್ಕ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಹೆಸರಿಸಿವೆ. ಹಸಿರು ವಲಯದಲ್ಲಿ ಹಾರಾಟಕ್ಕೆ 400 ಅಡಿಗಳ ಮಿತಿಯನ್ನು ವಿಧಿಸಿವೆ. ಆತನು ನಕ್ಷೆಯನ್ನು ನೋಡಿ, ಬೇಕಾದ ನೋಂದಣಿ ಮೊದಲಾದವುಗಳನ್ನು ಮುಗಿಸಿ, ಸಿಂಧನೂರಿನ ಹೊರಗೆ ಇನ್ನೂ ಮನೆಗಳೇಳದ ಬಡಾವಣೆಯೊಂದರ ಡಾಂಬರು ರಸ್ತೆಯನ್ನು ಯಜಮಾನರ ಒಪ್ಪಿಗೆಯಿಂದ ಆರಿಸಿಕೊಂಡನು. ಸಣ್ಣ ಕಲ್ಲೊಂದು ಎಂಜಿನಿನೊಳಗೆ ಸೇರಿದರೂ ಚಕ್ರ ಹಾಳಾಗುವುದರಿಂದ ರಸ್ತೆಯನ್ನು ಗುಡಿಸಿದ್ದಾಯಿತು. ಸುದ್ದಿ ಹೇಗೋ ಹರಡಿತು. ಸಂಜೆಯ ಹೊತ್ತಿಗೆ ಬಂಧುಗಳು, ಅಂಗಡಿಯ ಗೆಳೆಯರು, ಹಣ ಹಾಳಾಯಿತೆಂದು ಆಡಿಕೊಂಡವರು, ಶಾಲೆಯ ಹುಡುಗರು ಎಲ್ಲರೂ ನೆರೆದರು.

ಹಾರಿಸುವ ಮುನ್ನ ರೇಡಿಯೋ ಪರೀಕ್ಷೆ ನಡೆಯಬೇಕು. ಪ್ರೇಷಕದ ಶಕ್ತಿಯನ್ನು ಬೇಕೆಂದೇ ತಗ್ಗಿಸಿ, ಹೆಜ್ಜೆಗಳನ್ನು ಎಣಿಸುತ್ತ ದೂರ ಸರಿದು, ರೆಕ್ಕೆಯ ಫಲಕಗಳು ಆಜ್ಞೆಯನ್ನು ಪಾಲಿಸುತ್ತಿವೆಯೇ ಎಂದು ನೋಡುವುದು ಕ್ರಮ. ವಿಮಾನದ ಮೂಗು ತನ್ನತ್ತ ಇದ್ದಾಗ ಎಲ್ಲವೂ ಸರಿಯಾಗಿತ್ತು. ಪಕ್ಕಕ್ಕೆ ತಿರುಗಿಸಿದಾಗ ನಿಗದಿತ ದೂರಕ್ಕೆ ಮೊದಲೇ ಸಂಕೇತ ತಪ್ಪಿತು. ಮತ್ತೊಮ್ಮೆ ನೋಡಿದನು, ಮತ್ತೊಮ್ಮೆ ತಪ್ಪಿತು. ಜನರು “ಹಾರಿಸು, ಹಾರಿಸು” ಎಂದು ಕೂಗುತ್ತಿದ್ದರು. ಬೆಳಕು ಇಳಿಯುತ್ತಿತ್ತು. ಆತನು ಎಂಜಿನನ್ನು ಹೊತ್ತಿಸಲೇ ಇಲ್ಲ. ಇಂಧನವನ್ನು ಹೊರತೆಗೆದು, ರೆಕ್ಕೆಗಳನ್ನು ಕಳಚಿ, “ಇಂದು ಆಗದು” ಎಂದು ಕೈಮುಗಿದನು. ನೆರೆದವರ ನಗೆಯನ್ನು ಕೇಳಿಸಿಕೊಂಡು ಮನೆಗೆ ಹೋಗುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಅನುಭವಿಗಳೇ ಬಲ್ಲರು. ಅವಮಾನವು ಒಂದು ಸಂಜೆಯದು. ಹತೋಟಿ ತಪ್ಪಿದ 14 ಕಿಲೋಗ್ರಾಂ ಭಾರವು ಹುಡುಗರ ಗುಂಪಿನ ಮೇಲೆ ಬಿದ್ದಿದ್ದರೆ ಅದರ ದುಃಖಕ್ಕೆ ಅವಧಿಯೆಲ್ಲಿ?

ಕಾರಣವು ಎರಡು ದಿನಗಳಲ್ಲಿ ತಿಳಿಯಿತು. ಸಂಕೇತಗ್ರಾಹಕದ ತಂತಿಯು ಇಂಗಾಲದ ನಾರಿನ ಕೊಳವೆಯ ಪಕ್ಕದಲ್ಲಿಯೇ ಹಾದುಹೋಗಿತ್ತು. ಇಂಗಾಲದ ನಾರು ರೇಡಿಯೋ ಅಲೆಗಳನ್ನು ಮರೆಮಾಡುತ್ತದೆ. ತಂತಿಗಳನ್ನು ಒಂದಕ್ಕೊಂದು ಲಂಬವಾಗಿ, ಕೊಳವೆಯಿಂದ ದೂರ ಹಾಕಿದಾಗ ದೋಷ ನಿವಾರಣೆಯಾಯಿತು. ಸಂಕೇತ ತಪ್ಪಿದರೆ ಎಂಜಿನು ತಾನಾಗಿಯೇ ಆರುವ ವ್ಯವಸ್ಥೆಯನ್ನೂ ಆತನು ಮರಳಿ ಪರೀಕ್ಷಿಸಿದನು. ಕೆಲವು ವಾರಗಳ ನಂತರ, ಬೆಳಗಿನ ಜಾವ, ನಾಲ್ಕೇ ಜನರ ಸಮ್ಮುಖದಲ್ಲಿ ವಿಮಾನವು ರಸ್ತೆಯನ್ನು ಬಿಟ್ಟು ಮೇಲೆದ್ದಿತು. ಭತ್ತದ ಗದ್ದೆಗಳ ಅಂಚಿನ ಬಯಲಿನ ಮೇಲೆ ವಿಶಾಲವಾದ ವೃತ್ತಗಳನ್ನು ಬರೆದು, ಆರು ನಿಮಿಷಗಳ ಬಳಿಕ ಅದು ಇಳಿಯಿತು. ಪೂರ್ಣ ವೇಗದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಷ್ಟು ಇಂಧನವನ್ನು ಕುಡಿಯುವ ಯಂತ್ರಕ್ಕೆ ಅದಕ್ಕಿಂತ ದೀರ್ಘವಾದ ವಿಹಾರ ಸಲ್ಲದು. ಗಾಲಿಗಳು ನೆಲವನ್ನು ಮುಟ್ಟಿದಾಗ ಒಳಗಿನ ಬೆಸುಗೆಗಳು ಅಲುಗಲಿಲ್ಲ. ತಂದೆಯವರು ಏನನ್ನೂ ಹೇಳದೆ, ಎಂಜಿನು ತಣ್ಣಗಾಗುವವರೆಗೆ ಅದರ ಸಣ್ಣ ಸದ್ದಿಗೆ ಕಿವಿಗೊಟ್ಟು ಪಕ್ಕದಲ್ಲಿಯೇ ಕುಳಿತಿದ್ದರು.

ಆರು ನಿಮಿಷಗಳಿಗಾಗಿ ಇಷ್ಟೊಂದು ಹಣ, ಇಷ್ಟೊಂದು ರಾತ್ರಿಗಳು ಸಾರ್ಥಕವೇ ಎಂದು ಪ್ರಾಜ್ಞರು ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದುದೇ. ಎಲ್ಲ ಶಾಲೆಗಳೂ ಜೆಟ್ ವಿಮಾನವನ್ನು ಕಟ್ಟಿಸಬೇಕೆಂಬುದು ಈ ಬರಹದ ಆಶಯವಲ್ಲ; ಅದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೆಚ್ಚು ಬರೆದವನಿಗೆ ಹೆಚ್ಚು ಅಂಕ ದೊರೆಯಬಹುದು. ವಸ್ತುವಿನ ಮುಂದೆ ಆ ಉಪಾಯ ನಡೆಯುವುದಿಲ್ಲ. ಸನ್ನೆಗೋಲಿನ ನಿಯಮವನ್ನು ಆ ತರುಣನು ಹೈಸ್ಕೂಲಿನಲ್ಲಿಯೇ ಬಾಯಿಪಾಠ ಮಾಡಿದ್ದನು. ಅದು ಆತನ ಸ್ವಂತದ್ದಾದುದು ವಿಮಾನವು ಬಾಲದ ಮೇಲೆ ಕುಸಿದು ಕುಳಿತ ದಿನ.

ಈ ಸೀಮೆಯ ಮಕ್ಕಳ ಕೈಗಳಿಗೆ ಪಂಪು, ಟ್ರಾಕ್ಟರು, ಅಕ್ಕಿ ಗಿರಣಿಗಳ ಪರಿಚಯ ಮನೆಯಿಂದಲೇ ಬಂದಿರುತ್ತದೆ. ಆ ಕೈಗಳನ್ನು ಬಾಗಿಲ ಹೊರಗೆ ಬಿಟ್ಟು ಒಳಬರುವಂತೆ ಮಾಡದೆ, ತರಗತಿಗೇ ಕರೆತರುವುದು ಉಪಾಧ್ಯಾಯರಿಂದ ಸಾಧ್ಯ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಗಟ್ಟಿಯಾದ ಒಂದು ಮೇಜು, ನಂಬಿಕೆಗೆ ಅರ್ಹವಾದ ಒಂದು ತಕ್ಕಡಿ, ಬಾಲ್ಸಾ ಮರದ ಒಂದಿಷ್ಟು ತುಂಡುಗಳು, ವಾರಕ್ಕೊಂದು ಗಂಟೆ ಇಷ್ಟಿದ್ದರೆ ಎಸೆದು ಹಾರಿಸುವ ಸಣ್ಣ ವಿಮಾನವೊಂದನ್ನು ಪ್ರತಿ ಮಗುವೂ ಕಟ್ಟಬಹುದು. ಮೂಗಿಗೆ ಒಂದು ಚೂರು ಜೇಡಿಮಣ್ಣನ್ನು ಅಂಟಿಸಿ, ತೆಗೆದು, ಮತ್ತೆ ಅಂಟಿಸಿ ನೋಡುವ ಮಗುವು ದೊಡ್ಡ ವಿಮಾನದ ಅದೇ ಪಾಠವನ್ನು ಕಲಿಯುತ್ತದೆ. ಉದಾರಿಗಳಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇಂಥ ಒಂದು ಮೇಜಿನ ಕಡೆಗೆ ಕೃಪಾದೃಷ್ಟಿಯನ್ನು ಬೀರಿದರೆ ಅದರ ಫಲವು ಬಹುಕಾಲ ನಿಲ್ಲುತ್ತದೆ.

ತರುಣನ ಟಿಪ್ಪಣಿ ಪುಸ್ತಕದಲ್ಲಿ ವಿಮಾನದ ಒಂದು ಚಿತ್ರವೂ ಇಲ್ಲ. ಪುಟದಿಂದ ಪುಟಕ್ಕೆ ಎರಡು ಸಾಲುಗಳು ಮಾತ್ರ ಇಳಿದಿವೆ: ಒಂದರಲ್ಲಿ ಸೇರಿಸಿದುದರ ತೂಕ, ಇನ್ನೊಂದರಲ್ಲಿ ತೆಗೆದುದರ ತೂಕ. ಮೊದಲ ಪುಟಗಳಲ್ಲಿ ಎರಡನೆಯ ಸಾಲು ಬರಿದಾಗಿದೆ; ಕೊನೆಯ ಪುಟಗಳಲ್ಲಿ ಅದು ತುಂಬಿದೆ.