ಅವರಿಗೆ ನೂರಕ್ಕೆ ಎಷ್ಟು ಕೊಡ್ತೀರಿ?

ಎರಡು ತಿಂಗಳಿಂದ ರಾತ್ರಿ ಊಟ ಆದಮೇಲೆ ನಾನು ಸೀದಾ ಹಳೇ ಕಾಲದ ಚೀನಾಕ್ಕೆ ಹೊರಟುಬಿಡ್ತೀನಿ. ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಕೊಟ್ಟುಹೋದ ಪ್ಲೇಸ್ಟೇಷನ್ 2, ಜೊತೆಗೆ ಜಪಾನಿನ ಕೋಯಿ ಕಂಪನಿಯ 'ರೋಮ್ಯಾನ್ಸ್ ಆಫ್ ದ ತ್ರೀ ಕಿಂಗ್‌ಡಮ್ಸ್ 11'. ಸರಣಿಯ ಮೊದಲ ಆಟ ಬಂದದ್ದು 1985ರಲ್ಲಿ, ಇದು 2006ರದ್ದು. ನಾನಾಗ ಮೂರನೇ ಕ್ಲಾಸು!

ಇದರಲ್ಲಿ ಬಡಬಡ ಬಟನ್ ಒತ್ತೋ ಕೆಲಸ ಇಲ್ಲ. ಚದುರಂಗದ ಹಾಗೆ ಸರದಿ ಪ್ರಕಾರ ಆಡೋದು, ಒಂದು ಸರದಿ ಅಂದ್ರೆ ಹತ್ತು ದಿನ. ಊರು ಕಟ್ಟಿ, ದವಸ ಕೂಡಿಡಿ, ಸೈನ್ಯ ಕಳಿಸಿ, ಶತ್ರುಗಳ ಸರದಿ ಮುಗಿಯೋವರೆಗೆ ಟೀ ಕುಡೀರಿ.

ನನ್ನನ್ನ ಹಿಡಿದು ಕೂರಿಸಿದ್ದು ಮಾತ್ರ ಯುದ್ಧ ಅಲ್ಲ, ಜನರ ಪಟ್ಟಿ. ನೂರಾರು ಸರದಾರರು, ಬಹುಪಾಲು ಚರಿತ್ರೆಯಲ್ಲಿ ಬದುಕಿದ್ದವರೇ. ಪ್ರತಿಯೊಬ್ಬರ ಚಿತ್ರದ ಪಕ್ಕ ಐದು ಅಂಕ: ನಾಯಕತ್ವ, ಶೌರ್ಯ, ಬುದ್ಧಿ, ಆಡಳಿತ, ವರ್ಚಸ್ಸು. ಲೂ ಬುಗೆ ಶೌರ್ಯ 100. ಝೂಗೆ ಲಿಯಾಂಗ್‌ಗೆ ಬುದ್ಧಿ 100. ನಿಷ್ಠೆಗೂ ಬೇರೆ ಒಂದು ಅಂಕ ಇದೆ. ಅದು ಇಳಿದರೆ ಹಣ ಕೊಟ್ಟು ಏರಿಸಬೇಕು, ಇಲ್ಲಾಂದ್ರೆ ಪಕ್ಕದ ರಾಜ ಹಾರಿಸಿಕೊಂಡು ಹೋಗ್ತಾನೆ. (ಎಲ್ಲೋ ನೋಡಿದ ಹಾಗಿದೆ ಅಲ್ವಾ? :) )

ಆಫೀಸಲ್ಲೂ ಈಗ ಅಪ್ರೈಸಲ್ ಕಾಲ. ಟೀಮ್ ಲೀಡ್ ಆದಮೇಲೆ ಇದು ನನಗೆ ಮೊದಲನೇ ಸಲ. ಆರು ಜನ, ಒಂದರಿಂದ ಐದರವರೆಗೆ ಅಂಕ, ಐದು ಸಿಗೋದು ಒಬ್ಬರಿಗೆ ಮಾತ್ರ. ಒಬ್ಬ ಹುಡುಗ ಮೀಟಿಂಗಲ್ಲಿ ಬಾಯಿ ಬಿಟ್ಟರೆ ಮೇಲಿನವರೆಲ್ಲ ತಲೆದೂಗ್ತಾರೆ. ಒಬ್ಬಳು ಹುಡುಗಿ ಬಾಯೇ ಬಿಡಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದರೆ ಎಲ್ಲರೂ, ಆ ಹುಡುಗನೂ ಸೇರಿ, ಫೋನ್ ಮಾಡೋದು ಅವಳಿಗೇ.

ಫಾರ್ಮ್ ತೆರೆದಾಗಲೆಲ್ಲ ಮಾ ಸು ನೆನಪಾಗ್ತಾನೆ. ಆಟದಲ್ಲಿ ಅವನ ಬುದ್ಧಿಯ ಅಂಕ ಚೆನ್ನಾಗಿಯೇ ಇದೆ. ಸುಳ್ಳೂ ಅಲ್ಲ. 225ರಲ್ಲಿ ಝೂಗೆ ಲಿಯಾಂಗ್ ದಕ್ಷಿಣಕ್ಕೆ ದಂಡೆತ್ತಿ ಹೊರಟಾಗ, ಕೋಟೆಗಿಂತ ಮೊದಲು ಅಲ್ಲಿಯವರ ಮನಸ್ಸು ಗೆಲ್ಲಬೇಕು ಅಂತ ಹೇಳಿದವನು ಇವನೇ. ಮೂರು ವರ್ಷದ ನಂತರ ಜಿಯೆಟಿಂಗ್‌ನಲ್ಲಿ ಅವನ ಕೈಗೇ ಸೈನ್ಯ ಕೊಟ್ಟರು. ಜೊತೆಗಿದ್ದ ವಾಂಗ್ ಪಿಂಗ್ ಬೇಡ ಬೇಡ ಅಂದರೂ ನೀರು ಬಿಟ್ಟು ಗುಡ್ಡ ಹತ್ತಿ ಕೂತ. ಶತ್ರುಗಳು ನೀರಿನ ದಾರಿ ಕಟ್ಟಿದರು, ಅಷ್ಟೇ ಕತೆ. ವಾಂಗ್ ಪಿಂಗ್‌ಗೆ ಹತ್ತು ಅಕ್ಷರಕ್ಕಿಂತ ಹೆಚ್ಚು ಬರೀಲಿಕ್ಕೇ ಬರ್ತಿರಲಿಲ್ಲವಂತೆ! ರಾಜ ಲಿಯು ಬೇ 223ರಲ್ಲಿ ಸಾಯೋ ಮುಂಚೆಯೇ ಎಚ್ಚರಿಸಿದ್ದ: ಮಾ ಸುನ ಮಾತು ಅವನ ಕೆಲಸಕ್ಕಿಂತ ದೊಡ್ಡದು, ಅವನಿಗೆ ದೊಡ್ಡ ಜವಾಬ್ದಾರಿ ಕೊಡಬೇಡ ಅಂತ. ಈ ಮಾತನ್ನ ಯಾವ ಕಾಲಮ್ಮಿನಲ್ಲಿ ತುಂಬೋದು ಹೇಳಿ?

ಇನ್ನೂ ಮಜಾ ಇದೆ ಕೇಳಿ. ಅಂಕ ಕೊಡೋದು ಆಟದವರ ಕಲ್ಪನೆ ಅಂದುಕೊಂಡಿದ್ದೆ. 220ರಲ್ಲಿ ಚೆನ್ ಛುನ್ ಅನ್ನೋ ಮಂತ್ರಿ ನಿಜವಾಗಿಯೂ ಅಂಥ ಪದ್ಧತಿ ತಂದಿದ್ದ! ಯುದ್ಧದಿಂದ ಜನ ದಿಕ್ಕಾಪಾಲಾಗಿದ್ದರು, ಯಾರು ಯೋಗ್ಯರು ಅಂತ ಗೊತ್ತಾಗ್ತಿರಲಿಲ್ಲ. ಹಾಗಾಗಿ ಪ್ರಾಂತ್ಯಕ್ಕೊಬ್ಬ ಅಧಿಕಾರಿ ಕೂತು ಜನರನ್ನ ಒಂಬತ್ತು ದರ್ಜೆಗೆ ಹಂಚೋದು. ಉದ್ದೇಶ ಒಳ್ಳೇದೇ. ಎರಡು ತಲೆಮಾರು ಕಳೆಯೋದ್ರಲ್ಲಿ ಜಿನ್ ಕಾಲದ ಲಿಯು ಯಿ ಎಂಬ ಅಧಿಕಾರಿ ಚಕ್ರವರ್ತಿಗೇ ದೂರು ಕೊಟ್ಟ. ಮೇಲಿನ ದರ್ಜೆಯಲ್ಲಿ ಬಡ ಮನೆತನದವರಿಲ್ಲ, ಕೆಳಗಿನದರಲ್ಲಿ ದೊಡ್ಡ ಮನೆತನದವರಿಲ್ಲ ಅಂತ. ಆದರೂ ಆ ಪದ್ಧತಿ ಮುನ್ನೂರಕ್ಕೂ ಹೆಚ್ಚು ವರ್ಷ ನಡೀತು. ನಮ್ಮ ಎಚ್‌ಆರ್‌ನವರಿಗೆ ಇದನ್ನ ಹೇಳಬಾರದು, ಖುಷಿಪಟ್ಟಾರು.

ಐದನ್ನ ನಾನು ಆ ಹುಡುಗಿಗೇ ಕೊಟ್ಟೆ. ನಿನ್ನೆ ಫಾರ್ಮ್ ವಾಪಸ್ ಬಂದಿದೆ: 'ವಿಸಿಬಿಲಿಟಿ ಸಾಲದು, ಮತ್ತೊಮ್ಮೆ ಯೋಚಿಸಿ'. ಸೋಮವಾರ ಮ್ಯಾನೇಜರ್ ಹತ್ತಿರ ಕೂರಬೇಕು. ಹೋದ ವರ್ಷ ಅವಳು ರಾತ್ರಿ ಎದ್ದು ಸರಿಮಾಡಿದ ಟಿಕೆಟ್‌ಗಳನ್ನ ಒಂದೊಂದಾಗಿ ಪ್ರಿಂಟ್ ತೆಗೆದಿದ್ದೀನಿ. ನಲವತ್ತೊಂದು ಹಾಳೆ ಆಗಿದೆ. ಇವತ್ತು ರಾತ್ರಿ ಆಟ ಇಲ್ಲ.