ಹಡಗು ಹತ್ತಿದ ರೀಲುಗಳು

ಸೈನಿಕ ಪಿಸ್ತೂಲು ಎತ್ತಿದ. ಗುರಿ ನೇರ ಕ್ಯಾಮೆರಾದತ್ತ. ಲಿಯೊನಾರ್ಡೊ ಹೆನ್ರಿಕ್ಸನ್ ಕ್ಯಾಮೆರಾ ಇಳಿಸಲಿಲ್ಲ. ತನ್ನನ್ನು ಕೊಲ್ಲಲು ಬಂದವರನ್ನೇ ಚಿತ್ರಿಸುತ್ತ ನಿಂತ. ಗುಂಡು ಹಾರಿತು. ಬೀದಿ ಅಲುಗಿತು, ವಾಲಿತು, ಪರದೆ ಕಪ್ಪಾಯಿತು. 1973ರ ಜೂನ್ 29. ಚಿಲಿಯ ರಾಜಧಾನಿ ಸಾಂಟಿಯಾಗೊದಲ್ಲಿ ಸೈನ್ಯದ ಒಂದು ಗುಂಪು ಟ್ಯಾಂಕ್ ಹೊರಡಿಸಿ ಎಬ್ಬಿಸಿದ ದಂಗೆ ಆ ದಿನವೇ ಅಡಗಿತು. ಸ್ವೀಡನ್ ಟಿವಿಗೆ ಕೆಲಸ ಮಾಡುತ್ತಿದ್ದ ಈ ಅರ್ಜೆಂಟೀನಾದ ಛಾಯಾಗ್ರಾಹಕ ಬದುಕಲಿಲ್ಲ. ಅವನ ಫಿಲ್ಮು ಬದುಕಿತು.

ಅದೇ ಊರಿನಲ್ಲಿ ಆಗ ಪತ್ರಿಸಿಯೊ ಗುಸ್ಮಾನ್ ಎಂಬ ಯುವಕನ ಪುಟ್ಟ ತಂಡವೊಂದು ಬೀದಿ ಬೀದಿ ಅಲೆಯುತ್ತಿತ್ತು. ಒಂದು ಕ್ಯಾಮೆರಾ, ಒಂದು ಧ್ವನಿಮುದ್ರಕ, ಬೆರಳೆಣಿಕೆಯ ಜನ. ಚುನಾವಣೆ ಗೆದ್ದು ಬಂದ ಸಮಾಜವಾದಿ ಅಧ್ಯಕ್ಷ ಸಾಲ್ವದೋರ್ ಅಯೆಂದೆಯನ್ನು ಕೆಡವಲು ಒಳಗಿನವರೂ ಹೊರಗಿನವರೂ ಹವಣಿಸುತ್ತಿದ್ದ ಕಾಲ. ಅಮೆರಿಕದ ಆರ್ಥಿಕ ಹಿಡಿತ ಎಷ್ಟು ಬಿಗಿಯೆಂದರೆ ದೇಶದಲ್ಲಿ ಕಚ್ಚಾ ಫಿಲ್ಮು ಸಿಗುವುದೇ ದುಸ್ತರವಾಗಿತ್ತು. ಗುಸ್ಮಾನ್ ಫ್ರಾನ್ಸಿನ ಚಿತ್ರಕರ್ಮಿ ಕ್ರಿಸ್ ಮಾರ್ಕರ್‌ಗೆ ಕಾಗದ ಬರೆದ. ಬಂದ ಪೆಟ್ಟಿಗೆಯಲ್ಲಿ 16 ಎಂಎಂ ಕಪ್ಪುಬಿಳುಪು ಫಿಲ್ಮು, ಸುಮಾರು 43,000 ಅಡಿ! ಓಡಿಸಿದರೆ ಇಪ್ಪತ್ತು ಗಂಟೆಯಷ್ಟು. ಒಂದು ದೇಶ ಕುಸಿಯುವುದನ್ನು ತಿಂಗಳುಗಟ್ಟಲೆ ಹಿಡಿದಿಡಲು ಇಪ್ಪತ್ತೇ ಗಂಟೆ. ಅಡಿ ಅಡಿಗೂ ಲೆಕ್ಕ.

ಹಾಗಾಗಿ ಕಂಡದ್ದನ್ನೆಲ್ಲ ಹಿಡಿಯುವಂತಿರಲಿಲ್ಲ. ಕ್ಯಾಮೆರಾ ಹೋರ್ಹೆ ಮ್ಯೂಲರ್‌ನ ಹೆಗಲ ಮೇಲೆ. ಅವನ ಕಣ್ಣು ಕಿಂಡಿಯೊಳಗೆ ನೆಟ್ಟಿದ್ದರೆ, ಪಕ್ಕದಲ್ಲೇ ನಿಂತ ಗುಸ್ಮಾನ್ ಸುತ್ತಲ ಬೀದಿ ನೋಡುತ್ತ ಮುಂದೇನು ಬರಲಿದೆಯೆಂದು ಅವನ ಕಿವಿಯಲ್ಲಿ ಹೇಳುತ್ತಿದ್ದ. ಕಾರ್ಖಾನೆಯ ಕಾರ್ಮಿಕರ ಸಭೆ, ಲಾರಿ ಮಾಲೀಕರ ಮುಷ್ಕರ, ಸೇನಾಧಿಕಾರಿಯೊಬ್ಬನ ಅಂತ್ಯಕ್ರಿಯೆಯಲ್ಲಿ ಬಿಗಿದ ತುಟಿಯ ಜನರಲ್‌ಗಳು. ಆ ಅಂತ್ಯಕ್ರಿಯೆಯ ದೃಶ್ಯ, ಈ ರೀಲುಗಳಿಂದ ಮುಂದೆ ಮೂಡಿದ ಇಡೀ ಚಿತ್ರದಲ್ಲೇ ಹೆಚ್ಚು ಹೆದರಿಸುವಂಥದು ಎಂದು ನನಗನಿಸುತ್ತದೆ. ಅಲ್ಲಿ ಗುಂಡಿಲ್ಲ, ರಕ್ತವಿಲ್ಲ. ಮುಖಗಳಷ್ಟೇ. ತುಂಬಿದ ಡಬ್ಬಿಗಳು ಗುಸ್ಮಾನ್ ಮನೆಯಲ್ಲಿ ಉಳಿಯಲಿಲ್ಲ. ಇಗ್ನಾಸಿಯೊ ಎಂಬ ಹಿರಿಯ ಬಂಧುವಿನ ಮನೆ ಸೇರಿದವು.

ಸೆಪ್ಟೆಂಬರ್ 11. ಅಧ್ಯಕ್ಷರ ಅರಮನೆ ಲಾ ಮೊನೆದಾದ ಮೇಲೆ ವಾಯುಪಡೆಯ ಜೆಟ್‌ಗಳು ಎರಗಿದವು. ಸಂಜೆಯೊಳಗೆ ಅಯೆಂದೆ ಇಲ್ಲ, ಸಂಸತ್ತಿಲ್ಲ, ಅಧಿಕಾರ ಜನರಲ್ ಪಿನೊಚೆಟ್ ಮತ್ತವನ ಸಂಗಡಿಗರ ಕೈಯಲ್ಲಿ. ಗುಸ್ಮಾನ್‌ನನ್ನು ಹಿಡಿದು ರಾಷ್ಟ್ರೀಯ ಕ್ರೀಡಾಂಗಣಕ್ಕೆ ದೂಡಿದರು. ಹಿಂದೆ ಜನ ಫುಟ್‌ಬಾಲ್ ನೋಡಲು ನೆರೆಯುತ್ತಿದ್ದ ಜಾಗದಲ್ಲಿ ಈಗ ಸಾವಿರಾರು ಬಂದಿಗಳು, ವಿಚಾರಣೆ, ಚಿತ್ರಹಿಂಸೆ. ಗುಂಡಿಕ್ಕುತ್ತೇವೆಂದು ಬೆದರಿಸಿದರು. ಒಂದೇ ಒಂದು ವಿಳಾಸ ಬಾಯಿಂದ ಜಾರಿದ್ದರೆ ಇಗ್ನಾಸಿಯೊ ಮುಗಿಯುತ್ತಿದ್ದ, ರೀಲುಗಳು ಬೂದಿಯಾಗುತ್ತಿದ್ದವು. ಜಾರಲಿಲ್ಲ. ಎರಡು ವಾರದ ಬಳಿಕ ಬಿಟ್ಟರು. ಅವನು ದೇಶ ಬಿಟ್ಟ.

ಆದರೆ ಡಬ್ಬಿಗಳು? ಜೇಬಿಗೆ ಹಾಕಿಕೊಂಡು ಹೋಗುವ ಸರಕಲ್ಲ ಅದು. ರಾಶಿ ರಾಶಿ ತಗಡಿನ ಡಬ್ಬಿ, ಮೇಲೆ ಧ್ವನಿಯ ಟೇಪುಗಳು. ರಾತ್ರಿ ಕರ್ಫ್ಯೂ, ಬೀದಿಯಲ್ಲಿ ಸೈನಿಕರು. ಇಂಥ ಊರಿನಲ್ಲಿ ಆ ಭಾರವೆಲ್ಲ ಸ್ವೀಡನ್ನಿನ ರಾಯಭಾರ ಕಚೇರಿ ತಲುಪಿತು. ಅಲ್ಲಿನ ರಾಯಭಾರಿ ಹರಾಲ್ಡ್ ಎಡೆಲ್‌ಸ್ಟಾಮ್ ಸಾಮಾನ್ಯ ಅಸಾಮಿಯಲ್ಲ. ಬೆನ್ನಟ್ಟಿ ಬಂದವರ ಎದುರು ತಾನೇ ನಿಂತು ನೂರಾರು ಜನರಿಗೆ ಆಸರೆ ಕೊಟ್ಟು, ಕೊನೆಗೆ ಡಿಸೆಂಬರಿನಲ್ಲಿ ಚಿಲಿಯಿಂದಲೇ ಹೊರದಬ್ಬಿಸಿಕೊಂಡವನು. ವಾಲ್ಪರೈಸೊ ಬಂದರಿನಲ್ಲಿ ಡಬ್ಬಿಗಳು ಹಡಗು ಹತ್ತಿದವು. ಸ್ಟಾಕ್‌ಹೋಮಿನಲ್ಲಿ ಇಳಿದವು.

ಮ್ಯೂಲರ್ ಹಡಗು ಹತ್ತಲಿಲ್ಲ. ಊರಲ್ಲೇ ಉಳಿದು ಸಿನಿಮಾ ಕೆಲಸ ಮಾಡುತ್ತಿದ್ದ. 1974ರ ನವೆಂಬರ್ 29ರಂದು, ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಅವನನ್ನೂ ಅವನ ಗೆಳತಿ ನಟಿ ಕಾರ್ಮೆನ್ ಬುಯೆನೊಳನ್ನೂ ಪಿನೊಚೆಟ್‌ನ ಗುಪ್ತಪೊಲೀಸರು ಎತ್ತಿಕೊಂಡು ಹೋದರು. ಇಬ್ಬರೂ ಮನೆಗೆ ಮರಳಲಿಲ್ಲ. ಅವನು ಕಂಡದ್ದೆಲ್ಲ ಸಾಗರ ದಾಟಿ ಸುರಕ್ಷಿತವಾಗಿತ್ತು, ಕಂಡವನಿಗೆ ಮಾತ್ರ ಅಡಗಲು ತಾವಿರಲಿಲ್ಲ. ಈ ಕತೆಯನ್ನು ನಿರ್ದೇಶಕನ ಸಾಹಸವೆಂದು ಹೇಳುವವರೇ ಹೆಚ್ಚು. ನನಗೆ ಅದು ಒಪ್ಪಿತವಲ್ಲ. ಪರದೆಯ ಮೇಲಿನ ಬಹುಪಾಲು ಹೋರ್ಹೆಯ ಕಣ್ಣು.

ಉಳಿದುಬಂದ ಆ ರೀಲುಗಳನ್ನಿಟ್ಟುಕೊಂಡು ಹವಾನಾದಲ್ಲಿ, ಕ್ಯೂಬಾದ ಚಲನಚಿತ್ರ ಸಂಸ್ಥೆಯ ಆಸರೆಯಲ್ಲಿ, ಸಂಕಲನಕಾರ ಪೆದ್ರೊ ಚಾಸ್ಕೆಲ್ ಜೊತೆ ಗುಸ್ಮಾನ್ ವರ್ಷಗಟ್ಟಲೆ ಕತ್ತರಿ ಹಿಡಿದು ಕುಳಿತ. ‘ಚಿಲಿಯ ಕದನ’ ಮೂರು ಭಾಗಗಳಲ್ಲಿ ಹೊರಬಂತು. ಮೊದಲನೆಯದು 1975ರಲ್ಲಿ, ಕೊನೆಯದು 1979ರಲ್ಲಿ. ಮೊದಲ ಭಾಗ ಮುಗಿಯುವುದು ಹೆನ್ರಿಕ್ಸನ್ ಹಿಡಿದ ಅವನದೇ ಸಾವಿನೊಂದಿಗೆ. ಚಿತ್ರವನ್ನು ಹೋರ್ಹೆಗೆ ಅರ್ಪಿಸಲಾಗಿದೆ.

ಆ ಚಿತ್ರದಲ್ಲಿ ‘ನಾನು’ ಇಲ್ಲ. ಆ ‘ನಾನು’ ಬಂದದ್ದು 1997ರ ‘ಹಟಮಾರಿ ನೆನಪು’ ಎಂಬ ಚಿತ್ರದಲ್ಲಿ. ಗುಸ್ಮಾನ್ ತನ್ನದೇ ದನಿಯಲ್ಲಿ ಮಾತಾಡುತ್ತ, ಹಳೆಯ ಚಿತ್ರವನ್ನು ಹೊತ್ತು ಚಿಲಿಗೆ ಮರಳಿದ. ಅಯೆಂದೆ ಕಾಲದ ಗೀತೆಯನ್ನು ವಾದ್ಯವೃಂದದಿಂದ ನಡುಬೀದಿಯಲ್ಲಿ ನುಡಿಸಿದ. ಕೇಳಿದವರಲ್ಲಿ ಕೆಲವರು ಬೆರಗಾಗಿ ನಿಂತರು, ಕೆಲವರು ಕೈ ಎತ್ತಿದರು. ಮುದುಕನಾದ ಇಗ್ನಾಸಿಯೊ ಪಿಯಾನೊ ಮುಂದೆ ಕುಳಿತ. ವಿದ್ಯಾರ್ಥಿಗಳಿಗೆ ಚಿತ್ರ ತೋರಿಸಿದಾಗ ಕೆಲವರು ಸೇನೆ ಮಾಡಿದ್ದೇ ಸರಿ ಎಂದು ವಾದಿಸಿದರು. ಇನ್ನು ಕೆಲವರು ಮಾತೇ ಹೊರಡದೆ ಬಿಕ್ಕಿಬಿಕ್ಕಿ ಅತ್ತರು.

ಮ್ಯೂಲರ್ ಮತ್ತು ಬುಯೆನೊ ಕಾಣೆಯಾದ ನವೆಂಬರ್ 29ನ್ನು ಚಿಲಿ ಈಗ ತನ್ನ ಸಿನಿಮಾ ದಿನವೆಂದು ಆಚರಿಸುತ್ತದೆ. ಆದರೂ ‘ಚಿಲಿಯ ಕದನ’ ಆ ದೇಶದ ಟಿವಿಯಲ್ಲಿ ಪ್ರಸಾರವಾಗಲು 2021 ಬರಬೇಕಾಯಿತು. ಗುಸ್ಮಾನ್‌ಗೆ ಆಗ ಎಂಬತ್ತು. ಪಿನೊಚೆಟ್ 2006ರಲ್ಲೇ ಸತ್ತಿದ್ದ. ಮತ್ತೂ ಹದಿನೈದು ವರ್ಷ ಟಿವಿಯವರು ಯಾರಿಗೆ ಹೆದರಿದ್ದರೋ.