ಷಡ್ಜಕ್ಕೆ ಕಾಯುವ ಹೊತ್ತು

ದೀಪ ಹಚ್ಚುವುದಕ್ಕೆ ತುಸು ಮುಂಚಿನ ಹೊತ್ತು ಮಾರವಾ ರಾಗದ್ದು. ಆ ಹೊತ್ತಿಗೆ ನಾನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ, ಹೊರಗೆ ಓಣಿಯ ಹುಡುಗರ ಆಟ ಮುಗಿಯುತ್ತ ಬಂದಿರುತ್ತದೆ, ಒಳಗೆ ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ಕೋಮಲ ರಿಷಭದ ಮೇಲೆ ಕೂತಿರುತ್ತದೆ. ಮಾರವಾದ ಸ್ವಭಾವವೇ ಬೇರೆ. ಅದರಲ್ಲಿ ಪಂಚಮ ಇಲ್ಲ. ಷಡ್ಜ ಇದ್ದರೂ ಹಾಡುವವರು ಅದನ್ನು ಬೇಗ ಕೊಡುವುದಿಲ್ಲ. ರಿಷಭ, ಧೈವತಗಳಲ್ಲೇ ಸುಳಿದಾಡಿಸಿ, ಮನೆಯ ಹೊಸ್ತಿಲ ತನಕ ಕರೆತಂದು ಮತ್ತೆ ಹೊರಗೇ ತಿರುಗಿಸಿಕೊಂಡು ಹೋಗುತ್ತಾರೆ. ತಂಬೂರಿ ಹಿಂದಿನಿಂದ ಷಡ್ಜವನ್ನು ನುಡಿಯುತ್ತಲೇ ಇರುತ್ತದೆ. ಕಂಠ ಮಾತ್ರ ಅದರಿಂದ ದೂರ ನಿಂತಿರುತ್ತದೆ.

ಈ ದೂರದಲ್ಲಿ ಕೆಲವರು ವಿರಹ ತೋರಿಸುತ್ತಾರೆ, ಕೆಲವರು ಚಡಪಡಿಕೆ ತೋರಿಸುತ್ತಾರೆ. ಗಂಗೂಬಾಯಿಯವರ ಮಾರವಾದಲ್ಲಿ ನನಗೆ ಕೇಳುವುದು ಒಂದು ಬಗೆಯ ಧೈರ್ಯ. ಅವರು ನೇರವಾಗಿ, ದಪ್ಪವಾಗಿ, ಅಲುಗಾಡದೆ ಸ್ವರ ಹಚ್ಚುತ್ತಾರೆ. ಒಂದು ಸ್ವರದಲ್ಲಿ ಹೇಳುವುದು ಮುಗಿಯುವ ತನಕ ಇನ್ನೊಂದಕ್ಕೆ ಹೋಗುವುದಿಲ್ಲ. ಷಡ್ಜ ಸಿಗದ ಕಡೆಯಲ್ಲಿಯೂ ಇಷ್ಟು ನೆಮ್ಮದಿಯಿಂದ ನಿಲ್ಲಬಹುದು ಎಂದು ನಾನು ತಿಳಿದದ್ದೇ ಅವರಿಂದ.

ಸಂಗೀತದ ಪರಿಚಯ ಅಷ್ಟಾಗಿ ಇಲ್ಲದ ನೆಂಟರು ಬಂದಾಗ, ‘ಯಾವ ಬುವಾ ಇವರು?’ ಎಂದು ಕೇಳುತ್ತಾರೆ. ಹೆಣ್ಣುಮಗಳು ಹಾಡಿದ್ದು ಎಂದರೆ ಮತ್ತೊಮ್ಮೆ ಕಿವಿಗೊಡುತ್ತಾರೆ. ಅವರಿಗೆ ನಾನು ಹಳೆಯ ಧ್ವನಿತಟ್ಟೆಯ ಹಾಡೊಂದನ್ನು ಹಚ್ಚಿ ಕೇಳಿಸುತ್ತೇನೆ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಇವರ ಹಾಡುಗಳನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರತಂದಿತ್ತು. ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಅಷ್ಟರಲ್ಲೇ ರಾಗ ತೆರೆಯಬೇಕು, ಚೀಜ್ ಹೇಳಬೇಕು, ತಾನ್ ಹೊಡೆದು ಮುಗಿಸಬೇಕು. ಆ ದನಿ ಸಣ್ಣದು, ಎತ್ತರದ್ದು, ಹರೆಯದ ಚುರುಕಿನದು. ತಾರ ಸಪ್ತಕಕ್ಕೆ ಸಲೀಸಾಗಿ ಏರಿ ಇಳಿಯುತ್ತದೆ. ಎರಡೂ ಒಬ್ಬರದೇ ಎಂದರೆ ನಂಬುವುದು ಕಷ್ಟ.

ನಡುವೆ ಆದದ್ದು ಟಾನ್ಸಿಲ್ ತೊಂದರೆ, ಅದಕ್ಕೆ ಚಿಕಿತ್ಸೆ, ಆಮೇಲೆ ದನಿ ಇಳಿದದ್ದು. ಹಾಡುಗಾರಿಕೆಯ ಗಳಿಕೆಯ ಮೇಲೆಯೇ ಮನೆ ನಡೆಸಬೇಕಾದ ಹೆಣ್ಣಿಗೆ ಇದು ಎಂಥ ಹೊಡೆತವಾಗಿದ್ದಿರಬೇಕು! ಜನ ಮೆಚ್ಚಿದ್ದು ಆ ತೆಳುವಾದ, ಇಂಪಾದ ದನಿಯನ್ನು. ತಟ್ಟೆಗಳು ಮಾರಾಟವಾಗಿದ್ದೂ ಅದರ ಬಲದ ಮೇಲೆಯೇ. ಹೋದ ದನಿಯನ್ನು ಹಟ ಹಿಡಿದು ಎಳೆದು ತರುವುದು ಒಂದು ದಾರಿ. ಹಾಗೆ ಮಾಡಿ ಗಂಟಲನ್ನು ಪೂರ್ತಿ ಕಳೆದುಕೊಂಡವರುಂಟು. ಹಾಡುವುದನ್ನೇ ಬಿಡುವುದು ಇನ್ನೊಂದು. ಗಂಗೂಬಾಯಿ ಬಂದ ದನಿಯ ಜೊತೆಗೇ ಕೂತರು. ಅದು ಎಲ್ಲಿ ತುಂಬಿ ಬರುತ್ತದೆ, ಎಲ್ಲಿ ಒರಟಾಗುತ್ತದೆ, ಮಂದ್ರದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ವರ್ಷಗಟ್ಟಲೆ ಕೇಳಿಸಿಕೊಂಡರು. ಆತ್ಮಶೋಧನೆ ಎಂಬ ದೊಡ್ಡ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಕೂರುವಿಕೆ. ತಂಬೂರಿಯ ಎದುರು ಯಾರೂ ತಮ್ಮನ್ನು ತಾವು ವಂಚಿಸಿಕೊಳ್ಳಲಾರರು. ಸ್ವರ ಕೂಡುತ್ತದೆ, ಇಲ್ಲವೆ ಕೂಡುವುದಿಲ್ಲ. ಕೂಡದಿದ್ದರೆ ಅದು ಮೊದಲು ಗೊತ್ತಾಗುವುದು ಹಾಡುವವರಿಗೇ.

ಅವರಿಗೆ ಸಿಕ್ಕ ಗುರುವೂ ಅಂಥವರೇ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ಹಳಿಯ ಮೇಲೆ ಕುಂದಗೋಳ ಸ್ಟೇಷನ್ ಇದೆ. ಆ ಊರಿನ ರಾಮಭಾವು ಕುಂದಗೋಳಕರ, ಲೋಕಕ್ಕೆ ಸವಾಯಿ ಗಂಧರ್ವ, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಅವರ ದನಿಯೂ ರಿಯಾಜಿನಿಂದ ಪಳಗಿಸಿಕೊಂಡದ್ದೇ. ಹಾಗಾಗಿಯೇ ಶಿಷ್ಯೆಯ ದನಿಯನ್ನು ಕಂಡು ಅವರಿಗೆ ಹೆದರಿಕೆಯಾಗಲಿಲ್ಲ ಎಂದು ನಾನು ಭಾವಿಸುತ್ತೇನೆ. 1930ರ ದಶಕದ ಕೊನೆಯ ವರ್ಷಗಳಲ್ಲಿ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಮನೆ, ಮಕ್ಕಳು, ಕಛೇರಿಗಳ ನಡುವೆ ಈ ಓಡಾಟ. ಅದೇ ಗುರುವಿನ ಮನೆಯಲ್ಲಿ ಆಗ ಇನ್ನೊಬ್ಬ ಹುಡುಗ ಇದ್ದ. ರಾತ್ರಿ ಪಾಠ ಮುಗಿದ ಮೇಲೆ ಅಕ್ಕನನ್ನು ಸ್ಟೇಷನ್ನಿನ ತನಕ ಬಿಟ್ಟು ಬರುವುದು ಅವನ ಕೆಲಸ. ಅವನೇ ಮುಂದೆ ಪಂಡಿತ ಭೀಮಸೇನ ಜೋಶಿ. ಗಂಗೂಬಾಯಿಗೆ ಕೊನೆಯ ತನಕ ಅವರು ಭೀಮಣ್ಣನೇ.

ಆ ಪಾಠದ ಕ್ರಮವನ್ನು ಗಂಗೂಬಾಯಿಯವರೇ ಹಲವೆಡೆ ಹೇಳಿಕೊಂಡಿದ್ದಾರೆ. ಗುರುಗಳು ಒಂದು ಪಲಟಾ, ಅಂದರೆ ಅಭ್ಯಾಸದ ಸ್ವರಸರಣಿ, ಕೊಟ್ಟರೆ ದಿನಗಟ್ಟಲೆ ಅದೇ. ಸರಿಯಾಯಿತು ಎಂದು ಶಿಷ್ಯೆಗೆ ಅನಿಸಿದರೆ ಸಾಲದು, ಗುರುವಿನ ಕಿವಿಗೂ ಅನಿಸಬೇಕು. ರಾಗಗಳ ದೊಡ್ಡ ಪಟ್ಟಿಯನ್ನು ಅವರು ಕೊಡಲಿಲ್ಲ. ಕೊಟ್ಟ ರಾಗಗಳನ್ನು ಒಳಗಿನಿಂದ ತೋರಿಸಿದರು. ಜಿಪುಣ ಹಣ ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು ಎನ್ನುವುದು ಅವರ ಪಾಠದ ಸಾರವಾಗಿತ್ತಂತೆ. ಆ ಸಂಯಮ ಗಂಗೂಬಾಯಿಯವರು ರಾಗ ಬೆಳೆಸುವ ಬಢತ್‌ನಲ್ಲಿ ಉದ್ದಕ್ಕೂ ಕೇಳುತ್ತದೆ.

ನಾನೂ ನಡುವಯಸ್ಸಿನಲ್ಲಿ ಕಲಿಯಲು ಕೂತವಳು. ಕಛೇರಿ ಕೊಡುವ ಆಸೆಯಿಂದಲ್ಲ. ಕೇಳುವುದನ್ನು ಇನ್ನಷ್ಟು ಚೆನ್ನಾಗಿ ಕೇಳಬೇಕು ಎಂಬ ಒಂದೇ ಆಸೆಯಿಂದ. ನಮ್ಮ ಗುರುಗಳು ಮೊದಲ ದಿನ ಹೇಳಿದ್ದು, ‘ಅವಸರ ಮಾಡಬ್ಯಾಡ್ರಿ ಅಕ್ಕಾರ. ತಂಬೂರಿ ಏನ ಹೇಳ್ಲಿಕ್ಕತ್ತದ, ಮೊದಲ ಅದನ್ನ ಕೇಳ್ರಿ.’ ಬಹಳ ದಿನ ಬರೀ ಸಾ. ಆಮೇಲೆ ಒಂದು ಸಾದಾ ಪಲಟಾ. ಒಂದೇ ಪಲಟಾವನ್ನು ಮತ್ತೆ ಮತ್ತೆ ಹಾಡುವುದರ ರುಚಿ ಮೊದಮೊದಲು ತಿಳಿಯುವುದಿಲ್ಲ. ನಾಲಿಗೆ ಅದನ್ನು ಕಲಿತುಬಿಡುತ್ತದೆ, ಮನಸ್ಸು ಬೇರೆಲ್ಲೋ ಅಲೆಯುತ್ತದೆ. ಒಂದು ಬೆಳಿಗ್ಗೆ ಗಾಂಧಾರದಿಂದ ರಿಷಭಕ್ಕೆ ಇಳಿಯುವ ಕಡೆ ಏನೋ ತುಸು ಜಾರುತ್ತಿದೆ ಎಂದು ಕೇಳಿಸುತ್ತದೆ. ಅದು ಇಷ್ಟು ದಿನವೂ ಜಾರುತ್ತಲೇ ಇತ್ತು, ಕೇಳಿಸಿದ್ದು ಇವತ್ತು. ಅಂದಿನಿಂದ ಪಲಟಾದ ಬೇಸರ ಹೋಯಿತು. ನಿನ್ನೆಯದಕ್ಕಿಂತ ಇವತ್ತಿನದು ಎಷ್ಟು ನಿಜ ಎಂದು ನೋಡುವುದೇ ಒಂದು ಸುಖವಾಯಿತು. ಚಿಕ್ಕ ಸುಖವೇ, ಆದರೆ ಅದರ ಬಲದಿಂದ ಇಡೀ ದಿನ ಮನೆಗೆಲಸ, ಬ್ಯಾಂಕು, ಸಂತೆ ಎಲ್ಲವನ್ನೂ ಹಗುರವಾಗಿ ಮಾಡಿದ್ದೇನೆ. ಮಾತಿನಲ್ಲಿಯೂ ಎಲ್ಲಿ ಜಾರುತ್ತೇನೆ ಎಂದು ಕಿವಿ ತಾನಾಗಿಯೇ ಗಮನಿಸತೊಡಗಿತು.

ಕಿರಾಣಾ ಘರಾಣೆ ಎಂದರೆ ಮೃದುವಾದ ದನಿ, ಸ್ವರದಿಂದ ಸ್ವರಕ್ಕೆ ತೇಲುವ ಮೀಂಡು ಎಂದು ರಸಿಕರ ನಂಬಿಕೆ. ಅಬ್ದುಲ್ ಕರೀಂ ಖಾನರ ಧ್ವನಿತಟ್ಟೆ ಕೇಳಿದವರಿಗೆ ಆ ನಂಬಿಕೆ ಸಹಜ. ಅಂಥ ಘರಾಣೆಯಲ್ಲಿ ಈ ಗಡಸು ದನಿಗೆ ಜಾಗವೆಲ್ಲಿ? ಗಂಗೂಬಾಯಿ ಆ ಮೃದುತ್ವವನ್ನು ನಟಿಸಲಿಲ್ಲ. ಘರಾಣೆಯ ನಡೆಯನ್ನು ಮಾತ್ರ ಪೂರ್ತಿ ಹಿಡಿದರು: ಒಂದೊಂದೇ ಸ್ವರವನ್ನು ಬೆಳೆಸುತ್ತ ಹೋಗುವುದು, ರಾಗ ತಾನಾಗಿ ತೆರೆದುಕೊಳ್ಳಲು ಬಿಡುವುದು. ಗುರುವಿನಿಂದ ಏನನ್ನು ಪಡೆಯಬೇಕು, ಏನು ಗುರುವಿನದಾಗಿಯೇ ಉಳಿಯಬೇಕು ಎಂಬ ಈ ವಿವೇಕ ಬಹಳ ದೊಡ್ಡದು. ಎಷ್ಟೋ ಒಳ್ಳೆಯ ಗಾಯಕರು ಜೀವನವಿಡೀ ಗುರುವಿನ ಕಂಠದಲ್ಲೇ ಹಾಡುತ್ತಾರೆ.

ಮೊದಲು ಗಂಗೂಬಾಯಿ ಭಜನೆ, ಠುಮ್ರಿ, ಭಾವಗೀತೆಗಳನ್ನೂ ಹಾಡುತ್ತಿದ್ದರು. 1940ರ ದಶಕದ ನಡುವಿನಿಂದ ಅದೆಲ್ಲ ಬಿಟ್ಟು ಬರೀ ಖಯಾಲಿಗೆ ನಿಂತರು. ಲಘು ಸಂಗೀತಕ್ಕೆ ಶ್ರೋತೃಗಳೂ ಹಣವೂ ಹೆಚ್ಚು ಸಿಗುವ ಕಾಲದಲ್ಲಿ ತೆಗೆದುಕೊಂಡ ತೀರ್ಮಾನ ಅದು. ನಾನು ಠುಮ್ರಿಯ ಭಕ್ತೆ. ಠುಮ್ರಿ ಕಡಿಮೆ ದರ್ಜೆಯದೆಂದು ಒಪ್ಪುವುದಿಲ್ಲ. ಆದರೂ ತನ್ನ ದನಿಗೂ ತನ್ನ ಸ್ವಭಾವಕ್ಕೂ ಯಾವುದು ಸಲ್ಲುತ್ತದೆ ಎಂದು ಗೊತ್ತಾದ ಮೇಲೆ ಉಳಿದದ್ದನ್ನು ದುಃಖಪಡದೆ ಬಿಡುವುದು ಎಷ್ಟು ಕಷ್ಟ ಎಂದು ಬಲ್ಲೆ. ಬಿಡುವುದಕ್ಕೂ ತಾಯಿಯ ಮಾದರಿ ಮನೆಯಲ್ಲೇ ಇತ್ತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯುವಾಗ ಅವಳ ಕಿವಿ ಕಲಬೆರಕೆಯಾಗಬಾರದೆಂದು ಮನೆಯಲ್ಲಿ ತಮ್ಮ ಹಾಡನ್ನೇ ನಿಲ್ಲಿಸಿದರಂತೆ. ಈ ಒಂದು ಸಂಗತಿ ನೆನೆದಾಗ ನನಗೆ ಗಂಟಲುಬ್ಬಿ ಬರುತ್ತದೆ.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ, ಹಾಡುವ ಹೆಣ್ಣುಮಕ್ಕಳ ಮನೆಯಲ್ಲಿ. ಮೇಲ್ಜಾತಿಯ ನೆರೆಮನೆಯ ಹಿತ್ತಲಿನ ಮಾವಿನಹಣ್ಣು ಮುಟ್ಟಿದ್ದಕ್ಕೆ ಬೈಗುಳ ತಿಂದ ಬಾಲ್ಯ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಆ ಹುಡುಗಿಯ ಮನಸ್ಸಿನಲ್ಲಿದ್ದ ಅಳುಕು ಹಾಡಿನದಲ್ಲ; ಊಟವಾದ ಮೇಲೆ ಎಂಜಲೆತ್ತಲು ತನ್ನನ್ನು ಕರೆಯುತ್ತಾರೇನೋ ಎಂಬುದು. ಮುಂದೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಬೈದ ಮನೆಯವರೇ ಊಟಕ್ಕೆ ಕರೆದರು. ಅವರು ಕಹಿಯಿಲ್ಲದೆ ಹೋದರು, ಆದರೆ ಹಳೆಯದನ್ನು ಮರೆತಂತೆ ಮಾತಾಡಲಿಲ್ಲ. ಗಂಡಸು ಹಾಡಿದರೆ ಉಸ್ತಾದನೋ ಪಂಡಿತನೋ ಆಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥ ಗಾಯಕಿಯರು ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಬಹಿರಂಗವಾಗಿಯೇ ಹೇಳಿದರು. ಗಟ್ಟಿ ದನಿಯವರು ಗಟ್ಟಿಯಾಗಿಯೇ ಹೇಳಿದ ಮಾತು ಅದು. ವಯಸ್ಸಾದ ಮೇಲೆ ಅವರ ಹಿಂದೆ ಕೂತು ಹಾಡುತ್ತಿದ್ದವರು ಮಗಳು ಕೃಷ್ಣಾ. ತಾಯಿ ಉಸಿರು ತೆಗೆದುಕೊಳ್ಳುವ ಕಡೆ ಮಗಳ ದನಿ ಹಗುರವಾಗಿ ಬಂದು ಸ್ವರವನ್ನು ಹಿಡಿದಿಡುತ್ತಿತ್ತು. 2004ರಲ್ಲಿ ಆ ಮಗಳೂ ತೀರಿಕೊಂಡರು. 2006ರಲ್ಲಿ, ತೊಂಬತ್ತು ದಾಟಿದ ಮೇಲೆಯೂ, ಗಂಗೂಬಾಯಿ ವೇದಿಕೆಯ ಮೇಲೆ ಕೂತು ಹಾಡಿದರು.

ನಮ್ಮ ಗುರುಗಳ ಮನೆಗೆ ಈಚೆಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬರುತ್ತಾಳೆ. ದನಿ ತಗ್ಗಿನದು. ಮೊದಲು ಕಲಿತ ಕಡೆ ಉಳಿದ ಹುಡುಗಿಯರ ಜೊತೆಗೆ ಕಾಳಿ ಪಾಂಚ್ ಎಂಬ ಎತ್ತರದ ಶ್ರುತಿಯಲ್ಲಿ ಹಾಡಿಸಿದ್ದರಂತೆ. ತಾರ ಷಡ್ಜಕ್ಕೆ ಹೋಗುವಾಗ ಕತ್ತಿನ ನರ ಉಬ್ಬುತ್ತಿತ್ತು. ಗುರುಗಳು ಏನೂ ಹೇಳದೆ ತಂಬೂರಿಯ ತಂತಿ ಸಡಿಲಿಸುತ್ತ, ಇಳಿಸುತ್ತ, ಕಾಳಿ ತೀನ್‌ಗೆ ತಂದು ನಿಲ್ಲಿಸಿದರು. ‘ಹಾಂ, ಈಗ ಹಚ್ಚು ತಂಗಿ’ ಎಂದರು. ಹುಡುಗಿ ಸಾ ಹಚ್ಚಿದಳು. ಕೋಣೆ ತುಂಬಿತು. ‘ಗಂಡಸರ ದನಿ ಆಗ್ತದಲ್ರೀ ಸರ್’ ಎಂದಳು, ಸಂಕೋಚದಿಂದ. ‘ನಿಂದs ಆಗ್ತದ’ ಎಂದರು ಅವರು.

ಈಗ ಅವಳಿಗೆ ಭೀಮಪಲಾಸದ ಪಾಠ ನಡೆದಿದೆ. ಮಂದ್ರ ಪಂಚಮದ ತನಕ ಹಾಯಾಗಿ ಇಳಿಯುತ್ತಾಳೆ. ಇನ್ನೂ ಚೀಜಿನ ಮೊದಲ ಭಾಗವಾದ ಅಸ್ಥಾಯಿಯಲ್ಲೇ ಇದ್ದಾಳೆ. ಮುಂದಿನ ಭಾಗವಾದ ಅಂತರಾ ಯಾವಾಗ ಎಂದು ಗುರುಗಳು ಹೇಳಿಲ್ಲ, ಅವಳೂ ಕೇಳಿಲ್ಲ.